ನೇಟಿವ್ ಯಾವುದು?

ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ನಡೆಯುವ ಕನ್ನಡದವರ ಮದುವೆಯಲ್ಲಿ ಊಟಕ್ಕೆ ಕೂತರೆ, ಎಲೆಗೆ ಅನ್ನ ಬಂದು ಸಾರು ಬರುವುದರೊಳಗೆ ಪಕ್ಕದವರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ನಿಮ್ದು ನೇಟಿವ್ ಯಾವ್ದು?’ ಕೇಳಿದ್ದು ಇಪ್ಪತ್ತರ ಹುಡುಗಿಯನ್ನಾದರೆ, ‘ಡೊಂಬಿವಲಿ’ ಎನ್ನುತ್ತಾಳೆ. ಕೇಳಿದ ಹಿರಿಯರು ನಗುತ್ತಾರೆ. ‘ಅದಲ್ಲಮ್ಮ, ನೇಟಿವ್, ನೇಟಿವ್.’ ಎರಡನೆಯ ಸಲ ಸ್ವಲ್ಪ ಜೋರಾಗಿ ಹೇಳಿದರೆ ಪದದ ಅರ್ಥ ತಾನಾಗಿ ತಿಳಿಯುತ್ತದೆ ಎಂಬಂತೆ. ಹುಡುಗಿಗೆ ಅರ್ಥ ಗೊತ್ತಿಲ್ಲದೆ ಇಲ್ಲ. ಯಾವ ಉತ್ತರ ಬೇಕಾಗಿದೆ ಎಂದೂ ಗೊತ್ತು. ಅಪ್ಪ ಹದಿನೆಂಟು ತುಂಬುವ ಮೊದಲೇ ಬಿಟ್ಟು ಬಂದ, ಅವಳು ಬೇಸಿಗೆ ರಜೆಯಲ್ಲಿ ನಾಲ್ಕೋ ಐದೋ ಸಲ ನೋಡಿದ ಊರಿನ ಹೆಸರು ಹೇಳುತ್ತಾಳೆ. ‘ಬೈಂದೂರು.’ ‘ಹಾಂ, ಹಾಗೆ ಹೇಳು!’ ಸಾರು ಬರುತ್ತದೆ.

ಪ್ರಶ್ನೆಯಲ್ಲಿ ಕೆಟ್ಟದ್ದೇನೂ ಇಲ್ಲ. ಪರವೂರಿನಲ್ಲಿ ನಂಟು ಹುಡುಕುವ ಆಸೆ ಅದು. ಆದರೆ ಹುಡುಗಿ ಮೊದಲು ಕೊಟ್ಟದ್ದು ನಿಜವಾದ ಉತ್ತರ, ಎರಡನೆಯದು ಒಪ್ಪಿತವಾದ ಉತ್ತರ. ಇವೆರಡರ ನಡುವಿನ ಅಂತರ ಹುಟ್ಟಿದ್ದು ಒಂದು ಇಂಗ್ಲಿಷ್ ಪದದಿಂದ. ಹೊರರಾಜ್ಯಗಳ ಕನ್ನಡಿಗರು ದಿನಾ ಬಳಸುವ ಪದಗಳಲ್ಲಿ ಇದರಷ್ಟು ಸಲೀಸಾಗಿ ನಾಲಿಗೆಗೆ ಬರುವ, ಇದರಷ್ಟು ದೂರದ ಹಾದಿ ಸವೆಸಿ ಬಂದ ಪದ ಇನ್ನೊಂದು ಸಿಗುವುದು ಕಷ್ಟ.

ಮೊದಲಿಗೆ ವ್ಯಾಕರಣ. ಇಂಗ್ಲಿಷಿನಲ್ಲಿ ‘ನೇಟಿವ್’ ಹೆಚ್ಚಾಗಿ ವಿಶೇಷಣ. ನೇಟಿವ್ ಲ್ಯಾಂಡ್, ನೇಟಿವ್ ಟಂಗ್, ನೇಟಿವ್ ಪ್ಲೇಸ್. ನಾಮಪದವಾಗಿ ಬಳಸಿದರೆ ಅದು ಜಾಗವಲ್ಲ, ಮನುಷ್ಯ: ಆ ಊರಿನಲ್ಲಿ ಹುಟ್ಟಿದವನು. ನಮ್ಮಲ್ಲಿ ‘ನೇಟಿವ್ ಪ್ಲೇಸ್’ ಎಂಬ ಜೋಡಿಯಲ್ಲಿ ‘ಪ್ಲೇಸ್’ ಸವೆದು ಬಿದ್ದುಹೋಯಿತು, ವಿಶೇಷಣವೇ ಊರಾಗಿ ಕೂತಿತು. ‘ಮೊಬೈಲ್ ಫೋನ್’ ಹೋಗಿ ‘ಮೊಬೈಲ್’ ಉಳಿದ ಹಾಗೆ. ಇದು ತಪ್ಪಲ್ಲ, ಭಾಷೆಗಳು ಹೀಗೇ ಬೆಳೆಯುತ್ತವೆ. ತಮಿಳರು, ತೆಲುಗರು, ಮಲಯಾಳಿಗಳು, ಮರಾಠಿಗರು ಎಲ್ಲರೂ ಹೀಗೇ ಹೇಳುತ್ತಾರೆ. ಎಡವಟ್ಟಾಗುವುದು ಗಡಿ ದಾಟಿದಾಗ ಮಾತ್ರ. ‘ಐ ಆಮ್ ಗೋಯಿಂಗ್ ಟು ನೇಟಿವ್’ ಎಂದು ರಜೆ ಕೇಳಿದರೆ ಲಂಡನ್ನಿನ ಮ್ಯಾನೇಜರನಿಗೆ ಅರೆಕ್ಷಣ ತಬ್ಬಿಬ್ಬಾಗುತ್ತದೆ. ‘ಟು’ ಒಂದು ಬಿಟ್ಟುಹೋದರೆ ಕೇಳುವುದೇ ಬೇಡ. ‘ಗೋಯಿಂಗ್ ನೇಟಿವ್’ ಎನ್ನುವುದು ಬ್ರಿಟಿಷ್ ಆಳ್ವಿಕೆಯ ಕಾಲದ ಬೈಗುಳ: ಕೋಟು ಬೂಟು ಕಳಚಿ, ಸ್ಥಳೀಯರ ಉಡುಪು ತೊಟ್ಟು, ಅವರಂತೆಯೇ ಬದುಕತೊಡಗಿದ ಬಿಳಿಯನ ಬಗ್ಗೆ ಕ್ಲಬ್ಬಿನಲ್ಲಿ ಕೂತವರು ಆಡುತ್ತಿದ್ದ ಮಾತು. ಇನ್ನು ಇಂಗ್ಲೆಂಡಿನ ಕೆಂಟ್ ಕರಾವಳಿಯಲ್ಲಿ ‘ನೇಟಿವ್ಸ್’ ಬೇಕು ಎಂದು ಕೇಳಿದರೆ ತಟ್ಟೆಗೆ ಬರುವುದು ಮಳಿ. ಅಲ್ಲಿನ ಸಮುದ್ರದ ಸ್ವಂತ ತಳಿಯ ಚಿಪ್ಪುಜೀವಿಗೆ ಅದೇ ಹೆಸರು.

ಲ್ಯಾಟಿನ್ನಿನಲ್ಲಿ ‘ನಾಟಿವುಸ್’ ಎಂದರೆ ಹುಟ್ಟಿನಿಂದ ಬಂದದ್ದು ಎಂದಷ್ಟೇ. ನೇಚರ್, ನೇಷನ್, ನೇಟಲ್ ಎಲ್ಲ ಅದೇ ಬೇರಿನವು. ಪೆದ್ದುಪೆದ್ದಾದ ಮುಗ್ಧತೆಗೆ ಹೇಳುವ ‘ನಾಯೀವ್’ ಎಂಬ ಪದವೂ ಫ್ರೆಂಚಿನ ದಾರಿಯಲ್ಲಿ ಬಂದ ಇದರ ಅವಳಿ. ಆದರೆ ಮಧ್ಯಯುಗದ ಇಂಗ್ಲೆಂಡಿನಲ್ಲಿ ಈ ಪದಕ್ಕೆ ಮೈ ನಡುಗಿಸುವ ಅರ್ಥ ಒಂದಿತ್ತು. ಅಲ್ಲಿನ ಕಾನೂನಿನ ಕಡತಗಳಲ್ಲಿ ‘ನಾಟಿವುಸ್’ ಎಂದರೆ ಹುಟ್ಟಿನಿಂದಲೇ ಜೀತದವನು, ಜಮೀನುದಾರನ ಮಣ್ಣಿಗೆ ಕಟ್ಟಿಹಾಕಲ್ಪಟ್ಟವನು. ಅವನು ಒಡೆಯನ ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಅವನ ಮಕ್ಕಳೂ ಅಷ್ಟೇ. ಹದಿನೈದನೆಯ ಶತಮಾನದ ಇಂಗ್ಲಿಷಿನಲ್ಲಿ ‘ನೇಟಿವ್’ ನಾಮಪದವಾಗಿ ಕಾಣಿಸಿಕೊಂಡದ್ದು ಈ ಅರ್ಥದಲ್ಲಿ. ನೇಟಿವ್ ಅಂದರೆ ಹುಟ್ಟಿದ ಜಾಗ ಯಾರನ್ನು ಬಿಟ್ಟುಕೊಡುವುದಿಲ್ಲವೋ ಅವನು.

ಇದೇ ಪದ ಹಡಗು ಹತ್ತಿ ಇಂಡಿಯಾಕ್ಕೆ ಬಂದಾಗ ಆಳುವವರ ಬಾಯಲ್ಲಿತ್ತು. ಮದ್ರಾಸ್, ಬೊಂಬಾಯಿ, ಬಂಗಾಳ ಮೂರೂ ಸೈನ್ಯಗಳಲ್ಲಿ ‘ನೇಟಿವ್ ಇನ್‌ಫೆಂಟ್ರಿ’ ಇತ್ತು. ಮೈಸೂರು, ಹೈದರಾಬಾದು, ಕೊಲ್ಹಾಪುರ, ಜಮಖಂಡಿ ಇವೆಲ್ಲ ‘ನೇಟಿವ್ ಸ್ಟೇಟ್’ಗಳು, ಕನ್ನಡದಲ್ಲಿ ‘ದೇಶೀಯ ಸಂಸ್ಥಾನ’ ಎಂದು ಮರ್ಯಾದೆಯಾಗಿ ಕರೆದರೂ ಇಂಗ್ಲಿಷಿನಲ್ಲಿ ಆ ಪದದೊಳಗೆ ಒಂದು ಮೆಟ್ಟಿಲು ಕೆಳಗೆ ಎಂಬ ಸೂಚನೆ ಇದ್ದೇ ಇತ್ತು. ಕುತೂಹಲದ ಸಂಗತಿ ಎಂದರೆ ಇಲ್ಲಿಯವರು ಅದನ್ನು ತಳ್ಳಿಬಿಡಲಿಲ್ಲ, ಎತ್ತಿಕೊಂಡರು. 1852ರಲ್ಲಿ ಮದ್ರಾಸಿನಲ್ಲಿ ಗಾಜುಲು ಲಕ್ಷ್ಮೀನರಸು ಚೆಟ್ಟಿಯವರು ಕಂಪನಿ ಸರ್ಕಾರದ ವಿರುದ್ಧ ಅಹವಾಲು ಹೇಳಲು ಸಂಘ ಕಟ್ಟಿದಾಗ ಅದರ ಹೆಸರು ‘ಮದ್ರಾಸ್ ನೇಟಿವ್ ಅಸೋಸಿಯೇಷನ್’. ಬೊಂಬಾಯಿಯಲ್ಲಿ ವಿಶ್ವನಾಥ ನಾರಾಯಣ ಮಂಡಲೀಕರು 1864ರಲ್ಲಿ ಆರಂಭಿಸಿದ ವಾರಪತ್ರಿಕೆ ‘ನೇಟಿವ್ ಒಪೀನಿಯನ್’. ಆಲದ ಮರದಡಿ ನಿಂತು ಷೇರು ಮಾರುತ್ತಿದ್ದ ದಲ್ಲಾಳಿಗಳು 1875ರಲ್ಲಿ ಒಟ್ಟಾಗಿ ಕಟ್ಟಿಕೊಂಡ ಸಂಸ್ಥೆ ‘ನೇಟಿವ್ ಶೇರ್ ಅಂಡ್ ಸ್ಟಾಕ್ ಬ್ರೋಕರ್ಸ್ ಅಸೋಸಿಯೇಷನ್’. ಇಂದು ದಲಾಲ್ ಸ್ಟ್ರೀಟಿನಲ್ಲಿ ಎದ್ದು ನಿಂತಿರುವ ಷೇರುಪೇಟೆಯ ಜಾತಕದಲ್ಲಿ ಈ ಪದವೇ ಇದೆ.

ಆಳುವವರ ಬೈಗುಳ ಆಳಿಸಿಕೊಂಡವರ ಬೋರ್ಡಿನ ಮೇಲೆ ಬಂದು ಕೂತಿತು. ಅಲ್ಲಿಂದ ಇನ್ನೂ ಇಳಿದು ಶಾಲೆಯ ಅರ್ಜಿ, ರಜೆಚೀಟಿ, ಮದುವೆ ಮಾತುಕತೆಗಳಿಗೆ ಬಂದು ಮನೆಮಾತಾಯಿತು. ಒಂದು ಪದವನ್ನು ಹೀಗೆ ಪಳಗಿಸಿಕೊಂಡದ್ದು ಸಣ್ಣ ಸಾಧನೆಯಲ್ಲ. ಆದರೆ ಪಳಗಿದ ಮೇಲೂ ಅದು ತನ್ನ ಹಳೆಯ ಚಾಳಿಯನ್ನು ಪೂರ್ತಿ ಬಿಟ್ಟಿಲ್ಲ. ಯಾರು ಒಳಗಿನವರು, ಯಾರು ಹೊರಗಿನವರು ಎಂದು ವಿಂಗಡಿಸುವುದು ಅದರ ಚಾಳಿ. ವಿಂಗಡಿಸುವ ಗೆರೆ ಎಲ್ಲಿ ಎನ್ನುವುದು ಮಾತ್ರ ಬದಲಾಗುತ್ತ ಬಂದಿದೆ. ಸೂರತ್ತಿನಲ್ಲಿ ‘ನೇಟಿವ್’ ಆಗಿದ್ದ ಗುಜರಾತಿ ವ್ಯಾಪಾರಿ ಹಡಗಿನಲ್ಲಿ ಹೋಗಿ ಡರ್ಬನ್ನಿನಲ್ಲಿ ಇಳಿದರೆ ಅಲ್ಲಿ ‘ನೇಟಿವ್’ ಅಲ್ಲ, ‘ಏಷಿಯಾಟಿಕ್’. ಅಲ್ಲಿ ‘ನೇಟಿವ್’ ಎಂದರೆ ಕಪ್ಪು ಜನ. 1913ರ ‘ನೇಟಿವ್ಸ್ ಲ್ಯಾಂಡ್ ಆ್ಯಕ್ಟ್’ ಆ ದೇಶದ ಮೂಲನಿವಾಸಿಗಳಿಗೆ ಅವರದೇ ನೆಲದ ಸುಮಾರು ಶೇ 7ರಷ್ಟನ್ನು ಮಾತ್ರ ಬಿಟ್ಟುಕೊಟ್ಟಿತು. ಅಮೆರಿಕದಲ್ಲಿ 1840–50ರ ದಶಕಗಳಲ್ಲಿ ಐರಿಷ್ ಕ್ಯಾಥೊಲಿಕ್ ವಲಸಿಗರನ್ನು ವಿರೋಧಿಸಲು ಹುಟ್ಟಿದ ಬಿಳಿಯರ ಪಕ್ಷ ತನ್ನನ್ನು ‘ನೇಟಿವ್ ಅಮೆರಿಕನ್ ಪಾರ್ಟಿ’ ಎಂದು ಕರೆದುಕೊಂಡಿತ್ತು. ನಿಜವಾದ ಮೂಲನಿವಾಸಿಗಳು ಆಗ ಅಲ್ಲೇ ಪಕ್ಕದಲ್ಲಿ ನೆಲ ಕಳೆದುಕೊಳ್ಳುತ್ತಿದ್ದರು.

ನಮ್ಮ ಊಟದ ಪಂಕ್ತಿಯ ಪ್ರಶ್ನೆಗೂ ಈ ಚಾಳಿಗೂ ಏನು ಸಂಬಂಧ ಎನ್ನಬಹುದು. ಪ್ರಶ್ನೆ ಅಲ್ಲಿಗೇ ನಿಲ್ಲುವುದಿಲ್ಲವಲ್ಲ. ‘ನೇಟಿವ್ ಯಾವ್ದು?’ ಆದ ಮೇಲೆ ‘ಅಲ್ಲಿ ಎಲ್ಲಿ?’ ಬರುತ್ತದೆ, ಆಮೇಲೆ ‘ಯಾರ ಪೈಕಿ?’ ಬರುತ್ತದೆ. ಪುಣೆಯಲ್ಲಾಗಲಿ ಚೆನ್ನೈಯಲ್ಲಾಗಲಿ ಬಾಡಿಗೆ ಮನೆ ಹುಡುಕುವವರಿಗೆ ಈ ಏಣಿ ಚೆನ್ನಾಗಿ ಗೊತ್ತು. ಜಾತಿಯನ್ನು ನೇರವಾಗಿ ಕೇಳಲು ಮುಜುಗರವಾಗುವ ವಿದ್ಯಾವಂತರಿಗೆ ‘ನೇಟಿವ್’ ಒಂದು ಸಭ್ಯವಾದ ಹಿಂಬಾಗಿಲು. ಭಾಷಾಶಾಸ್ತ್ರ ಇಲ್ಲೊಂದು ತಮಾಷೆ ಮಾಡಿದೆ. ಲ್ಯಾಟಿನ್ನಿನ ಆ ಹುಟ್ಟಿನ ಧಾತು ಮತ್ತು ಸಂಸ್ಕೃತದ ‘ಜನ್’ ಧಾತು ಇಂಡೋ-ಯುರೋಪಿಯನ್ ಭಾಷಾಕುಟುಂಬದ ಒಂದೇ ಬೇರಿನಿಂದ ಬಂದವು. ಜನ್ಮ, ಜನ, ಜಾತಕ, ಜಾತಿ ಎಲ್ಲ ಅದರ ಮಕ್ಕಳು. ‘ನೇಟಿವ್’ ಕೇಳಿದರೂ ‘ಜಾತಿ’ ಕೇಳಿದರೂ ಪದದ ಬೇರಿನಲ್ಲಿ ಕೇಳಿದ್ದು ಒಂದೇ.

ಕನ್ನಡದ ಪದಗಳಿಗೆ ಬಂದರೆ ನೋಟ ಬದಲಾಗುತ್ತದೆ. ‘ನೇಟಿವ್’ಗೆ ಸಮಾನವಾದ ಪದ ಯಾವುದು ಎಂದರೆ ತಟ್ಟನೆ ‘ಊರು’ ಎನ್ನುತ್ತೇವೆ. ಆದರೆ ಊರು ಇದಕ್ಕಿಂತ ತುಂಬ ಹಿರಿದು. ಹಳ್ಳಿಯೂ ಊರೇ, ಬೆಂಗಳೂರೂ ಊರೇ. ‘ಯಾವೂರು?’ ಎಂದು ಬಸ್ಸಿನಲ್ಲಿ ಕೇಳಿದರೆ ಈಗ ಇರುವ ಊರು ಹೇಳಿದರೂ ಸರಿ, ಹುಟ್ಟಿದ್ದು ಹೇಳಿದರೂ ಸರಿ, ಇಳಿಯಲಿರುವ ಊರು ಹೇಳಿದರೂ ಮಾತು ಮುಂದುವರಿಯುತ್ತದೆ. ಖಚಿತವಾಗಿ ಹೇಳಬೇಕಾದಾಗ ಹುಟ್ಟೂರು ಇದೆ, ಸ್ವಂತ ಊರು ಇದೆ, ಅಜ್ಜನ ಊರು ಇದೆ, ಮನೆದೇವರ ಊರು ಇದೆ, ಹೆಂಗಸರಿಗೆ ತವರೂರು ಇದೆ. ಇವು ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದಾದ ಪದಗಳಲ್ಲ. ಗದಗದಲ್ಲಿ ಹುಟ್ಟಿ, ಬೈಂದೂರಿನ ಮನೆಗೆ ಸೊಸೆಯಾಗಿ, ಡೊಂಬಿವಲಿಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಕನ್ನಡದಲ್ಲಿ ಮೂರು ಊರುಗಳಿಗೂ ಹೆಸರಿದೆ. ‘ನೇಟಿವ್’ ಎಂದ ಕೂಡಲೇ ಒಂದು ಮಾತ್ರ ಉಳಿಯುತ್ತದೆ, ಮತ್ತು ಅದು ಬಹುಪಾಲು ಗಂಡನದು. ಈ ದೇಶದಲ್ಲಿ ಹೆಂಗಸರು ಹುಟ್ಟಿದ ಊರು ಬಿಡುವುದಕ್ಕೆ ಅತಿ ದೊಡ್ಡ ಕಾರಣ ಮದುವೆ ಎಂದು ಜನಗಣತಿ ಸಲ ಸಲವೂ ಹೇಳುತ್ತ ಬಂದಿದೆ. ಹಾಗಿದ್ದೂ ಅವರ ಹೆಸರಿನ ಮುಂದೆ ಬರೆಯುವ ‘ನೇಟಿವ್’ ಅವರು ಹುಟ್ಟಿದ ಊರಲ್ಲ. ಹುಟ್ಟು ಎಂಬ ಅರ್ಥದ ಪದ ಹುಟ್ಟನ್ನೇ ಮರೆತ ಉದಾಹರಣೆ ಇದು.

ಇನ್ನೊಂದು ಪದ ‘ನಾಟಿ’. ನಾಟಿ ಕೋಳಿ, ನಾಟಿ ಔಷಧ, ನಾಟಿ ವೈದ್ಯ: ಇಲ್ಲೆಲ್ಲ ನಾಟಿ ಎಂದರೆ ನಾಡಿನದು, ಇಲ್ಲಿಯದೇ. ಅದೇ ರೂಪದ ಇನ್ನೊಂದು ಪದ ಗದ್ದೆಯಲ್ಲಿದೆ. ಒಂದು ಕಡೆ ಒತ್ತಾಗಿ ಬೆಳೆಸಿದ ಭತ್ತದ ಸಸಿಯನ್ನು ಕಿತ್ತು ಬೇರೆ ಗದ್ದೆಯಲ್ಲಿ ಸಾಲಾಗಿ ನೆಡುವುದು ನಾಟಿ. ಪದಗಳು ಬೇರೆ ಬೇರೆ, ಕೇಳುವುದಕ್ಕೆ ಒಂದೇ. ಮೊಳೆತ ಜಾಗದಲ್ಲೇ ಬಿಟ್ಟರೆ ಆ ಸಸಿ ತೆನೆಗಟ್ಟುವುದಿಲ್ಲ ಎಂದು ಯಾವ ರೈತನೂ ಹೇಳುತ್ತಾನೆ.

ಹೆಸರಿನ ಹಿಂದಿನ ಇನಿಷಿಯಲ್ಲೂ ಒಂದು ನೇಟಿವ್ ಪ್ರಮಾಣಪತ್ರವೇ. ಹಳೇ ಮೈಸೂರಿನ ಕಡೆ ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಸಂತೇಶಿವರ ಲಿಂಗಣ್ಣಯ್ಯ ಭೈರಪ್ಪ. ದೆಹಲಿಯಲ್ಲೋ ಮುಂಬೈಯಲ್ಲೋ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ‘ಸರ್‌ನೇಮ್’ ಎಂಬ ಕಾಲಂ ತುಂಬಲು ಈ ಊರೇ ಬಲಿಯಾಗುತ್ತದೆ. ವಿಮಾನ ನಿಲ್ದಾಣದಲ್ಲಿ ಯಾವುದೋ ಹಳ್ಳಿಯ ಹೆಸರಿಗೆ ಮಿಸ್ಟರ್ ಸೇರಿಸಿ ಮೈಕಿನಲ್ಲಿ ಕೂಗುತ್ತಾರೆ. ಅತ್ಯಂತ ಪ್ರಸಿದ್ಧ ಕನ್ನಡಿಗ ಇಂಜಿನಿಯರರ ಹೆಸರನ್ನೇ ತೆಗೆದುಕೊಳ್ಳಿ. ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಮೋಕ್ಷಗುಂಡಂ ಇರುವುದು ಆಂಧ್ರದಲ್ಲಿ. ಅವರ ಪೂರ್ವಿಕರು ಹಲವು ತಲೆಮಾರುಗಳ ಹಿಂದೆ ಅಲ್ಲಿಂದ ಹೊರಟವರು. ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಇಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ, ನೌಕರಿ ಬೊಂಬಾಯಿ ಪ್ರಾಂತ್ಯದ ಸರ್ಕಾರದಲ್ಲಿ, ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದ್ದು ಪುಣೆಯ ಖಡಕ್‌ವಾಸ್ಲಾದಲ್ಲಿ, 1908ರ ಮೂಸಿ ನದಿಯ ಮಹಾಪ್ರವಾಹದ ನಂತರ ನೆರೆ ತಡೆಯ ಯೋಜನೆ ಮಾಡಿಕೊಟ್ಟದ್ದು ಹೈದರಾಬಾದಿಗೆ, ದಿವಾನರಾದದ್ದು ಮೈಸೂರಿನಲ್ಲಿ. ಅವರನ್ನು ಊಟದ ಪಂಕ್ತಿಯಲ್ಲಿ ಕೂರಿಸಿ ‘ನೇಟಿವ್ ಯಾವ್ದು?’ ಎಂದು ಕೇಳಿದ್ದರೆ ಮರ್ಯಾದೆಗೆ ಮುದ್ದೇನಹಳ್ಳಿ ಎನ್ನುತ್ತಿದ್ದರೇನೋ. ಹೆಸರು ಮಾತ್ರ ಬೇರೆಯದನ್ನೇ ಹೇಳುತ್ತದೆ.

ಮಾತಿನಲ್ಲಿ ಇಷ್ಟು ಸಡಿಲವಾಗಿರುವ ಈ ಸಂಗತಿ ಸರ್ಕಾರಿ ಕಚೇರಿಯ ಬಾಗಿಲು ದಾಟಿದರೆ ಕಲ್ಲಾಗುತ್ತದೆ. ತಮಿಳುನಾಡಿನಲ್ಲಿ ತಹಶೀಲ್ದಾರರು ಕೊಡುವ ಪತ್ರಕ್ಕೆ ‘ನೇಟಿವಿಟಿ ಸರ್ಟಿಫಿಕೇಟ್’ ಎಂದೇ ಹೆಸರು. ಮಹಾರಾಷ್ಟ್ರದಲ್ಲಿ ‘ಡೊಮಿಸೈಲ್’, ಹದಿನೈದು ವರ್ಷ ಅಲ್ಲಿ ವಾಸವಿದ್ದುದಕ್ಕೆ ದಾಖಲೆ ಬೇಕು. ಕರ್ನಾಟಕದ ಸಿಇಟಿಗೆ ಸಾಮಾನ್ಯ ದಾರಿ ರಾಜ್ಯದಲ್ಲಿ ಏಳು ವರ್ಷ ಓದಿರುವುದು. ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ಕಲಮುಗಳು. ‘ಡೊಮಿಸೈಲ್’ ಎಂಬ ಪದವನ್ನು ರಾಜ್ಯಗಳು ಹೀಗೆ ಬಳಸುವುದೇ ಸರಿಯಲ್ಲ, ಇಂಡಿಯಾದ ಪ್ರಜೆಗೆ ಇರುವುದು ಒಂದೇ ಡೊಮಿಸೈಲ್, ಅದು ಇಂಡಿಯಾ ಎಂದು ಸುಪ್ರೀಂ ಕೋರ್ಟು 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಹೇಳಿತು. ಪದ ಮಾತ್ರ ಅರ್ಜಿಗಳಿಂದ ಅಲುಗಲಿಲ್ಲ.

ಇವೆಲ್ಲಕ್ಕಿಂತ ಮನಸ್ಸಿನಲ್ಲಿ ನಿಲ್ಲುವುದು ಹೈದರಾಬಾದ್ ಸಂಸ್ಥಾನದ ಮುಲ್ಕಿ ನಿಯಮ. ಮುಲ್ಕ್ ಎಂದರೆ ನಾಡು. ಮುಂಬೈಯ ಕಾರ್ಮಿಕರು ಇಂದಿಗೂ ‘ಮುಲುಕ್‌ಗೆ ಹೋಗುವುದು’ ಎನ್ನುವುದು ಅದೇ ಪದದಿಂದ. 1919ರ ಆ ನಿಯಮದ ಪ್ರಕಾರ ಹೊರಗಿನಿಂದ ಬಂದವನು ಸರ್ಕಾರಿ ನೌಕರಿಗೆ ಅರ್ಹನಾದ ಮುಲ್ಕಿ ಆಗಬೇಕಾದರೆ ಹದಿನೈದು ವರ್ಷ ಅಲ್ಲಿರಬೇಕು. ಅಷ್ಟೇ ಸಾಲದು. ತನ್ನ ಹಿಂದಿನ ಊರಿಗೆ ಮರಳುವ ಇರಾದೆಯನ್ನು ಬಿಟ್ಟಿದ್ದೇನೆ ಎಂದು ಪ್ರಮಾಣಪತ್ರವನ್ನೂ ಕೊಡಬೇಕು. ಇಲ್ಲಿಯವನಾಗಲು ಅಲ್ಲಿಯವನಾಗಿರುವುದನ್ನು ಬರಹದಲ್ಲಿ ಬಿಟ್ಟುಕೊಡಬೇಕು! ಅಂದಿನ ಕಲಬುರಗಿ, ಬೀದರ, ರಾಯಚೂರಿನ ಕನ್ನಡಿಗರು ಆ ಸಂಸ್ಥಾನದ ಮುಲ್ಕಿಗಳೇ. ಧಾರವಾಡದಿಂದ ಹೋದವನು ಗೈರ್ ಮುಲ್ಕಿ. 1952ರಲ್ಲೂ 1969ರಲ್ಲೂ ಇದೇ ಪದದ ಹೆಸರಿನಲ್ಲಿ ಹೈದರಾಬಾದಿನ ಬೀದಿಗಳಲ್ಲಿ ಚಳವಳಿ ನಡೆದು ಜನ ಪ್ರಾಣ ಕಳೆದುಕೊಂಡರು. ಆ ಸಿಟ್ಟಿಗೆ ಕಾರಣವೇ ಇರಲಿಲ್ಲ ಎನ್ನುವಂತಿಲ್ಲ. ಹೊರಗಿನಿಂದ ಬಂದವರು ಸುಳ್ಳು ಪತ್ರ ತೋರಿಸಿ ಸ್ಥಳೀಯರ ನೌಕರಿ ಹಿಡಿಯುತ್ತಾರೆ ಎಂಬುದು ಅಲ್ಲಿಯವರ ದೂರು. ಬೆಂಗಳೂರಿನಲ್ಲಿ ಸ್ಥಳೀಯರಿಗೆ ಕೆಲಸ ಸಿಗಬೇಕು ಎನ್ನುವ ಕನ್ನಡಿಗರ ಮಾತಿಗೂ ಅದರದೇ ತೂಕವಿದೆ. ಅದೇ ಮಾತನ್ನು 1966ರ ನಂತರ ಶಿವಸೇನೆ ಮುಂಬೈಯಲ್ಲಿ ‘ಭೂಮಿಪುತ್ರ’ರ ಹೆಸರಿನಲ್ಲಿ ಆಡಿದಾಗ ಕಲ್ಲು ಬಿದ್ದದ್ದು ಉಡುಪಿ ಹೋಟೆಲುಗಳ ಗಾಜಿಗೆ. ಎರಡೂ ಕಡೆ ನಿಂತು ನೋಡಿದವರೆಂದರೆ ಹೊರನಾಡ ಕನ್ನಡಿಗರೇ. ಆದ್ದರಿಂದ ಈ ಪದದ ಬಗ್ಗೆ ಉಳಿದವರಿಗಿಂತ ಹೆಚ್ಚು ಎಚ್ಚರ ಅವರಿಗಿರಬೇಕಾದದ್ದು ಸಹಜ.

2020ರ ಮೇ ತಿಂಗಳಲ್ಲಿ ಈ ಪದದ ತಳ ಕಂಡಿತು. ಮುಂಬೈಯ ಹೋಟೆಲುಗಳು ಮುಚ್ಚಿದ್ದವು. ಹತ್ತು ಜನ ಸರದಿಯಲ್ಲಿ ಮಲಗುವ ಖೋಲಿಗಳಲ್ಲಿ ಸೋಂಕು ಹರಡುತ್ತಿತ್ತು. ದುಡಿಯಲು ಹೋಗಿದ್ದ ಕನ್ನಡಿಗರಿಗೆ ಹೊಳೆದದ್ದು ಒಂದೇ: ಊರಿಗೆ ಹೋಗೋಣ. ನೇಟಿವ್ ಎಂಬುದು ಇರುವುದೇ ಇಂಥ ದಿನಕ್ಕಲ್ಲವೇ! ಕರಾವಳಿಯವರು, ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ಕಡೆಯವರು, ಕಲಬುರಗಿ–ಯಾದಗಿರಿಯವರು ಸಿಕ್ಕ ವಾಹನ ಹಿಡಿದು ಹೊರಟರು. ಬಂದವರನ್ನು ಹಾಸ್ಟೆಲು, ಶಾಲೆಗಳಲ್ಲಿ ಕ್ವಾರಂಟೈನಿನಲ್ಲಿ ಇರಿಸಲಾಯಿತು. ಅದು ವೈದ್ಯರ ಲೆಕ್ಕಾಚಾರ, ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತು. ಸುದ್ದಿವಾಹಿನಿಗಳಲ್ಲಿ ‘ಮುಂಬೈ’ ಎಂಬುದು ಊರಿನ ಹೆಸರಾಗಿ ಉಳಿಯದೆ ರೋಗದ ಹೆಸರಿನಂತೆ ಕೇಳಿಸತೊಡಗಿತು. ಜಾತ್ರೆಗೆ ದೇಣಿಗೆ ಕೊಟ್ಟು, ದೇವಸ್ಥಾನದ ಜೀರ್ಣೋದ್ಧಾರಕ್ಕೆ ರಸೀದಿ ಪುಸ್ತಕ ಹಿಡಿದು, ಊರಿನ ಶಾಲೆಗೆ ಬೆಂಚು ಮಾಡಿಸಿಕೊಟ್ಟವರು ಊರಿನ ಬಾಗಿಲಲ್ಲಿ ‘ಮುಂಬೈಯವರು’ ಆದರು. ಮುಂಬೈಯಲ್ಲಿ ಅವರು ಅದುವರೆಗೆ ‘ಊರಿನವರು’ ಆಗಿದ್ದರು.

ಊರಿನವರ ಭಯ ಸುಳ್ಳಾಗಿರಲಿಲ್ಲ, ಬಂದವರ ಹಸಿವೂ ಸುಳ್ಳಾಗಿರಲಿಲ್ಲ. ಸುಳ್ಳಾದದ್ದು ‘ನೇಟಿವ್’ ಎಂಬ ಪದ ಕೊಟ್ಟಿದ್ದ ಭರವಸೆ. ಎಲ್ಲಿದ್ದರೂ ಕೊನೆಗೆ ಹೋಗಿ ಸೇರಬಹುದಾದ ಒಂದು ಜಾಗ ತಾನಾಗಿ ಇದ್ದೇ ಇರುತ್ತದೆ ಎಂಬ ನಂಬಿಕೆ ಅದು. ಊರು ಎಂದರೆ ಹೋಗಿ ಬಂದು, ಕೊಟ್ಟು ತೆಗೆದುಕೊಂಡು, ಸಾವು ಮದುವೆಗಳಿಗೆ ನಿಂತು ಉಳಿಸಿಕೊಳ್ಳಬೇಕಾದ ಸಂಬಂಧ. ಅರ್ಜಿಯಲ್ಲಿ ಬರೆದ ಮಾತ್ರಕ್ಕೆ ಅದು ಇರುವುದಿಲ್ಲ. ಹಾಗೆ ನೋಡಿದರೆ ಮೂವತ್ತು ವರ್ಷದಿಂದ ಸೊಸೈಟಿಯ ಗಣೇಶೋತ್ಸವಕ್ಕೆ ವಂತಿಗೆ ಎತ್ತಿದ, ಎದುರು ಮನೆಯ ಮರಾಠಿ ಅಜ್ಜಿಯನ್ನು ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಸೇರಿಸಿದ ಡೊಂಬಿವಲಿಯೂ ಊರೇ. ಅದನ್ನು ಊರು ಎಂದು ಕರೆಯಲು ಕನ್ನಡದಲ್ಲಿ ಯಾವ ಅಡ್ಡಿಯೂ ಇಲ್ಲ. ನೇಟಿವ್ ಎನ್ನಲು ಮಾತ್ರ ನಾಲಿಗೆ ತಡೆಯುತ್ತದೆ.

ಇದೇ ಪದ ಭಾಷೆಯ ಮೇಲೂ ಬಂದು ಕೂತಿದೆ: ‘ನೇಟಿವ್ ಸ್ಪೀಕರ್’. ಹೊರನಾಡಿನ ಮಕ್ಕಳಿಗೆ ಇದು ಊರಿಗಿಂತ ಹೆಚ್ಚು ಚುಚ್ಚುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ದೊಡ್ಡಪ್ಪನ ಮಕ್ಕಳು ಅವರ ಕನ್ನಡವನ್ನು ಅಣಕಿಸುತ್ತಾರೆ. ‘ನಾನು ಪಾಣಿ ಕುಡೀತೀನಿ’ ಎಂದು ಎಂದೋ ಬಾಯಿತಪ್ಪಿ ಹೇಳಿದ್ದು ಹತ್ತು ವರ್ಷ ಮನೆಯ ಜೋಕಾಗಿ ಉಳಿಯುತ್ತದೆ. ಜನಗಣತಿಯ ಲೆಕ್ಕದಲ್ಲಿ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಂದಿಗೆ ಆಡಿದ ಭಾಷೆ. ಆ ಲೆಕ್ಕ ಹಿಡಿದು ಕನ್ನಡ ಸಾಹಿತ್ಯದ ಒಳಗೆ ಹೋದರೆ ಏನಾಗುತ್ತದೆ ನೋಡಿ. ಕನ್ನಡಕ್ಕೆ ಬಂದ ಜ್ಞಾನಪೀಠ ಎಂಟು. ಅದರಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಕಾರ್ನಾಡರು ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನಿನಲ್ಲಿ. ಕೈಲಾಸಂ, ಪು.ತಿ.ನ., ಜಿ.ಪಿ. ರಾಜರತ್ನಂ ಮೂವರ ಮನೆಯಲ್ಲೂ ತಮಿಳು. ಇವರನ್ನೆಲ್ಲ ‘ನೇಟಿವ್ ಅಲ್ಲ’ ಎಂದು ಹೊರಗಿಟ್ಟರೆ ಕನ್ನಡದ ಕಪಾಟಿನಲ್ಲಿ ಎಷ್ಟು ಪುಸ್ತಕ ಉಳಿದಾವು? ‘ಇನ್ನೂ ಹತ್ತಿರ ಬಾ’ ಎಂದು ಕರೆದರೆ ಬರುವ ಗುಣ ಕನ್ನಡಕ್ಕಿದೆ, ಹುಟ್ಟಿನ ಚೀಟಿ ಕೇಳದೆ.

ಊರಿನ ವಿಷಯಕ್ಕೂ ಒಂದು ಸಾಕ್ಷಿ ಯಶವಂತ ಚಿತ್ತಾಲರು. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ, ಬದುಕಿನ ದೊಡ್ಡ ಭಾಗವನ್ನು ಮುಂಬೈಯಲ್ಲಿ ಕಳೆದವರು. ಅವರ ಕತೆಗಳಲ್ಲಿ ಹನೇಹಳ್ಳಿ ಮತ್ತೆ ಮತ್ತೆ ಬರುತ್ತದೆ. 1979ರ ‘ಶಿಕಾರಿ’ಯಲ್ಲಿ ಮುಂಬೈ ಅಷ್ಟೇ ಒಳಗಿನಿಂದ ಬರುತ್ತದೆ. ಅವೆರಡರಲ್ಲಿ ಯಾವುದು ಅಸಲಿ ಎಂದು ಕೇಳುವ ಓದುಗ ಕತೆಯನ್ನೇ ಓದಿಲ್ಲ.

ಹಾಗಾದರೆ ‘ನೇಟಿವ್’ ಪದವನ್ನು ಬಿಟ್ಟುಬಿಡಬೇಕೆ? ಅಷ್ಟು ಸುಲಭವಾಗಿ ಪದಗಳು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ‘ನೇಟಿವ್‌ಗೆ ಹೋಗ್ತಿದ್ದೀವಿ, ಹಾಲು ಬೇಡ’ ಎಂದು ಹಾಲಿನವನಿಗೆ ಹೇಳುವಾಗ ಅದು ನಿರಪಾಯ ಪದ. ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧ ಹತ್ತುವವರ ಬಾಯಲ್ಲಿ ಅದಕ್ಕೆ ಹಲಸಿನ ಹಪ್ಪಳದ ವಾಸನೆಯೇ ಇರುತ್ತದೆ. ಬಿಡಬೇಕಾದದ್ದು ಅದನ್ನು ಸೋಸುವ ಜರಡಿಯಾಗಿ ಬಳಸುವುದನ್ನು. ಬಾಡಿಗೆ ಮನೆಯ ಮಾತುಕತೆಯಲ್ಲಿ, ವಧೂವರರ ಪಟ್ಟಿಯಲ್ಲಿ, ಹೆಚ್ಚು ಬೇಸರದ ಸಂಗತಿ ಎಂದರೆ ಕನ್ನಡದ ಹೆಸರಿನಲ್ಲೇ ಕಟ್ಟಿದ ಸಂಘಗಳಲ್ಲಿ ಅದು ಜರಡಿಯಾಗಿದೆ. ಹೊರನಾಡಿನ ಎಷ್ಟೋ ಸಂಘಗಳ ಸದಸ್ಯತ್ವದ ಅರ್ಜಿಯಲ್ಲಿ ಹೆಸರಿನ ಕೆಳಗೇ ‘ಮೂಲ ಊರು’ ಎಂಬ ಗೆರೆ ಇರುತ್ತದೆ. ‘ಮನೆಯಲ್ಲಿ ಕನ್ನಡ ಓದುವವರು ಎಷ್ಟು ಜನ’ ಎಂಬ ಗೆರೆ ಇರುವುದು ಅಪರೂಪ. ಚುನಾವಣೆ ಬಂದಾಗ ಮೊದಲನೆಯ ಗೆರೆ ಕೆಲಸಕ್ಕೆ ಬರುತ್ತದೆ: ನಮ್ಮ ಕಡೆಯವರು, ಘಟ್ಟದ ಮೇಲಿನವರು, ಆ ಕಡೆಯವರು. ಎರಡನೆಯ ಗೆರೆ ಇದ್ದಿದ್ದರೆ ಕನ್ನಡ ಕಲಿಸುವ ತರಗತಿಗೆ ಕೆಲಸಕ್ಕೆ ಬರುತ್ತಿತ್ತು. ಅಜ್ಜನ ಊರು ಗೊತ್ತಿದ್ದೂ ಅಜ್ಜನ ಕಾಗದ ಓದಲು ಬಾರದ ಮಕ್ಕಳು ಆ ಸಂಘದ ವಾರ್ಷಿಕೋತ್ಸವದಲ್ಲಿ ರೋಮನ್ ಲಿಪಿಯಲ್ಲಿ ಬರೆದುಕೊಂಡ ನಾಡಗೀತೆ ಹಾಡುತ್ತಾರೆ. ಆ ಹಾಡಿಗೆ ಚಪ್ಪಾಳೆ ತಟ್ಟುವವರು ಅರ್ಜಿಯನ್ನು ಒಮ್ಮೆ ತೆಗೆದು ನೋಡಿದರೆ, ತಾವು ಏನನ್ನು ಲೆಕ್ಕ ಇಟ್ಟುಕೊಂಡು ಬಂದಿದ್ದೇವೆ ಎಂದು ಗೊತ್ತಾದೀತು.

ಮಕ್ಕಳು ಹಿರಿಯರಿಗಾಗಿ ಕಾಯುತ್ತ ಕೂತಿಲ್ಲ ಎನ್ನುವುದೂ ನಿಜ. ಮೊನ್ನೆ ಮೊನ್ನೆಯವರೆಗೆ ಬೈಂದೂರು ಎಂದು ಹೇಳಿ ಪಾರಾಗುತ್ತಿದ್ದ ಹುಡುಗಿಯರು ಈಗೀಗ ಬೇರೆ ಉತ್ತರ ಕೊಡುತ್ತಾರೆ. ‘ನಮ್ಮೂರು ಡೊಂಬಿವಲಿ. ಅಪ್ಪಂದು ಬೈಂದೂರು, ಅಮ್ಮಂದು ಗದಗ.’ ಪಕ್ಕದ ಎಲೆಯ ಹಿರಿಯರಿಗೆ ಒಂದು ಕೇಳಿದ್ದಕ್ಕೆ ಮೂರು ಸಿಕ್ಕಿ, ಎಲ್ಲಿ ಹಿಡಿಯಬೇಕೆಂದು ಕ್ಷಣ ತೋಚುವುದಿಲ್ಲ. ಆಮೇಲೆ ಗದಗ ಹಿಡಿಯುತ್ತದೆ. ಅವರ ಷಡ್ಡಕನೂ ಗದಗದವನೇ. ‘ಗದಗದಾಗ ಎಲ್ಲಿ?’ ಎಂದು ಕೇಳುವಷ್ಟರಲ್ಲಿ ಹುಡುಗಿ ಬಡಿಸುವವನನ್ನು ಮರಾಠಿಯಲ್ಲಿ ಕರೆದು ಹಿರಿಯರ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತಾಳೆ.